ಹದಕ್ಕೆ ಬಂದ ಚರ್ಮ

ಇನ್ನೊಂದು ಸಲ ಹಾಗೆಂದರೆ ಚಿಕ್ಕಮ್ಮನ ಕೈಯಿಂದ ಒದ್ದೆ ಬಟ್ಟೆಯನ್ನು ಕಿತ್ತುಕೊಂಡುಬಿಡಬೇಕು ಎಂದು ಮಗಳು ಹಲ್ಲು ಕಚ್ಚಿ ಕೂತಿದ್ದಳು. ಚಿಕ್ಕಮ್ಮ ಅಮ್ಮನ ಹಣೆ ಒರೆಸಿದಳು, ಕೆನ್ನೆ ಒರೆಸಿದಳು, ಮತ್ತೆ ಅಂದೇಬಿಟ್ಟಳು.

“ನೋಡೇ, ಈ ವಯಸ್ಸಲ್ಲಿ ಮುಖದ ಮೇಲೆ ಒಂದು ಗೆರೆ ಇದ್ಯಾ? ನಾನು ತಂಗಿ. ನನ್ನ ಮುಖ ನೋಡು, ಹಿಂಡಿಟ್ಟ ಬಟ್ಟೆ ಥರ ಆಗಿದೆ. ಅಕ್ಕ ಪುಣ್ಯವಂತೆ.”

“ಅದು ಪುಣ್ಯ ಅಲ್ಲ ಚಿಕ್ಕಮ್ಮ, ಕಾಯಿಲೆ. ಗೆರೆಗಳನ್ನೆಲ್ಲ ಎಳೆದು ಬಿಗಿ ಮಾಡಿದ್ದೇ ಅದು.”

“ಸರಿ ಬಿಡು. ಹೋದವಳ ಮುಖದಲ್ಲೂ ಕಾಯಿಲೆ ಹುಡುಕ್ಬೇಡ.”

ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂಬ ಹೆಸರಿಗೆ ಈ ಮನೆಯಲ್ಲಿ ಯಾರ ನಾಲಿಗೆಯೂ ಹೊರಳಿರಲಿಲ್ಲ. ಎಲ್ಲರಿಗೂ ಅದು ‘ಬಿಗಿ ಕಾಯಿಲೆ’. ಮೂರನೆಯ ಮಹಡಿಯ ಆ ಎರಡು ಕೋಣೆಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು. ಅಪ್ಪ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ.

“ಬಿಗಿ ಕಾಯಿಲೆ ಪೂರಾ ವಾಸಿಯಾಗಿತ್ತು. ಈ ಕೈಯಾರೆ ವಾಸಿ ಮಾಡಿದ್ದೆ. ಇದು ಎಲ್ಲಿಂದಲೋ ಬಂದ ಹಾರ್ಟು.”

ತೆರೆದ ಬಾಗಿಲು ಕಂಡು ನುಗ್ಗಿದ ದಾರಿಹೋಕ ಕಳ್ಳನ ಬಗ್ಗೆ ಹೇಳಿದಂತಿತ್ತು. ಕೇಳಿದವರು ತಲೆಯಾಡಿಸಿ ಒಳಗೆ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ತನ್ನೊಬ್ಬಳಿಗೇ ಹೇಳಿದ ಮಾತು ಮಗಳ ಬಾಯಲ್ಲಿ ಬಿಸಿ ತುಪ್ಪವಾಗಿತ್ತು. ಉಗುಳಿದರೆ ಅಪ್ಪ ನಿಂತಲ್ಲೇ ಕುಸಿಯುತ್ತಾನೆ. ನುಂಗೋಣವೆಂದರೆ ಗಂಟಲು ಸುಡುತ್ತಿತ್ತು.

*

ಅಪ್ಪ ಚರ್ಮದ ಚೀಲ ಹೊಲಿಯುವವನು. ತೊಗಲನ್ನು ಎರಡು ಬೆರಳಲ್ಲಿ ಚಿವುಟಿ, ಎತ್ತಿ ಬಿಟ್ಟರೆ ಸಾಕು, ಅದರ ಜಾತಕ ಓದುತ್ತಿದ್ದ.

ಕಾಯಿಲೆಯ ಶುರುವಿನಲ್ಲಿ ಅಮ್ಮ ತಣ್ಣೀರಿಗೆ ಕೈಯಿಟ್ಟರೆ ಬೆರಳುಗಳು ಸುಣ್ಣದಂತೆ ಬಿಳುಚಿ, ಆಮೇಲೆ ನೀಲಿಗಟ್ಟುತ್ತಿದ್ದವು. ಬಳಿಕ ಕೈ ಬಿಗಿಯಿತು, ತೋಳು ಬಿಗಿಯಿತು, ಬಾಯಿ ಕಿರಿದಾಯಿತು. ಮಾತ್ರೆ ಬರೆದ ಡಾಕ್ಟರು, “ಇದು ಬರೀ ಚರ್ಮದ ಕಾಯಿಲೆ ಅಲ್ಲ, ಪ್ರತಿವರ್ಷ ಹೃದಯದ್ದೂ ಶ್ವಾಸಕೋಶದ್ದೂ ಪರೀಕ್ಷೆ ಆಗ್ಲೇಬೇಕು” ಎಂದಿದ್ದರು. ಅಪ್ಪನ ಕಿವಿಗೆ ಬಿದ್ದದ್ದು ಚರ್ಮ ಎಂಬ ಒಂದೇ ಮಾತು. ದಿನವೂ ಎಣ್ಣೆ ಬಿಸಿ ಮಾಡಿ ಅಮ್ಮನ ತೋಳು ನೀವಿದ. ನೀವಿ ಮುಗಿದ ಮೇಲೆ ಚಿವುಟಿ ನೋಡುತ್ತಿದ್ದ.

“ನಾನೇನು ನಿಮ್ಮ ಅಂಗಡಿ ಮಾಲಾ?” ಎಂದು ಅಮ್ಮ ಗೊಣಗುತ್ತಿದ್ದಳು.

“ಮಾಲೇ. ಮಾರೋ ಮಾಲಲ್ಲ ಅಷ್ಟೆ.”

ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಚರ್ಮ ಅವನ ಬೆರಳುಗಳ ನಡುವೆ ಎದ್ದು ಬಂತು. “ಹದಕ್ಕೆ ಬಂತು ಕಣೇ” ಎಂದು ಅವನು ಬೀದಿಗೆ ಕೇಳುವಂತೆ ಕೂಗಿದ. ಅವತ್ತು ಮೂವರೂ ಕುಣಿದಿದ್ದರು. ಆ ವರ್ಷ ಪರೀಕ್ಷೆಗೆ ಯಾರೂ ಹೋಗಲಿಲ್ಲ, ಮುಂದಿನ ವರ್ಷವೂ ಇಲ್ಲ. ವಾಸಿಯಾದವರಿಗೆ ಆಸ್ಪತ್ರೆ ಯಾಕೆ? ಆಮೇಲೆ ಅಮ್ಮ ಮಹಡಿ ಹತ್ತುವಾಗ ಏದುಸಿರು ಬಿಡತೊಡಗಿದಳು. ಕೆಳಗಿನ ಮನೆಯವರು ಮೈ ಬಂದಿದೆ ಎಂದರು. ಅಮ್ಮ ವಯಸ್ಸಾಯಿತು ಎಂದಳು. ಪಾದ ಊದಿದಾಗ ಅಪ್ಪ ಅದಕ್ಕೂ ಎಣ್ಣೆ ತಿಕ್ಕಿದ.

ಅಜ್ಜಿಯ ಕತೆಯಲ್ಲಿ ಒಬ್ಬ ಕಾವಲುಗಾರನಿದ್ದ. ಹಗಲಿರುಳು ಕೋಟೆಯ ಹೆಬ್ಬಾಗಿಲು ಕಾದ, ಒಂದು ಇರುವೆಯನ್ನೂ ಒಳಗೆ ಬಿಡಲಿಲ್ಲ. ರಾಣಿಯನ್ನು ಕಚ್ಚಿದ ಹಾವು ಅರಮನೆಯೊಳಗೇ ಹುಟ್ಟಿತ್ತು. ಮಗಳು ಚಿಕ್ಕವಳಿದ್ದಾಗ ಆ ಕಾವಲುಗಾರನ ಮೇಲೆ ಸಿಟ್ಟಾಗುತ್ತಿದ್ದಳು. ಈಗಲೂ ಸಿಟ್ಟೇ. ಆದರೆ ಯಾರ ಮೇಲೆಂದು ತಿಳಿಯುತ್ತಿರಲಿಲ್ಲ.

*

ವಾಹನ ಬಂತೆಂದು ಕೆಳಗಿನಿಂದ ಯಾರೋ ಕೂಗುವ ಹೊತ್ತಿಗೆ ಬೇಕರಿಯವಳು ಬಂದಳು. ಅಮ್ಮನಿಗೆ ಆಸ್ಪತ್ರೆಯ ಬೆಂಚಿನಲ್ಲಿ ಸಿಕ್ಕ ಗೆಳತಿ, ಅದೇ ಕಾಯಿಲೆಯವಳು. ಬಿರುಬಿಸಿಲಲ್ಲೂ ಉಣ್ಣೆಯ ಕೈಗವಸು ತೊಟ್ಟಿದ್ದಳು. ಅಮ್ಮನ ಪಕ್ಕ ಅತ್ತು, ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು.

“ಅಕ್ಕನ ಮೆತ್ತಗಾದ ಕೈ ನೋಡಿ ನಂಗೆ ಹೊಟ್ಟೆಕಿಚ್ಚಾಗ್ತಿತ್ತು ಅಣ್ಣ.”

ಅಪ್ಪ ಅವಳ ಕೈಗವಸು ತೆಗೆಸಿ, ತೋಳು ಚಿವುಟಿದ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ಬೆಳಕು ಕಂಡಿತು.

“ನಿಂದೂ ಹದಕ್ಕೆ ಬರ್ತಿದೆ ತಾಯಿ. ಎಣ್ಣೆ ನೀವ್ಕೋ. ಇನ್ನು ಆ ಹಾರ್ಟು ಗೀರ್ಟು ಪರೀಕ್ಷೆ ಎಲ್ಲ ಯಾಕೆ?”

“ನಾನೂ ಹಾಗೇ ಅಂದ್ಕೊಂಡು ಈ ವರ್ಷದ್ದು ಬಿಟ್ಟೆ.”

“ಅಪ್ಪ, ಅವಳಿಗೆ ಹಾಗೆ ಹೇಳ್ಬೇಡ,” ಎಂದಳು ಮಗಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಯಿತು. “ಹಾರ್ಟು ಎಲ್ಲಿಂದಲೋ ಬರ್ಲಿಲ್ಲ. ಹೊರಗೆ ಚರ್ಮ ಬಿಗಿ ಮಾಡಿದ ಕಾಯಿಲೆನೇ ಒಳಗೆ ರಕ್ತನಾಳಾನೂ ಬಿಗಿ ಮಾಡ್ತು. ಶ್ವಾಸಕೋಶಕ್ಕೆ ರಕ್ತ ತಳ್ಳೀ ತಳ್ಳೀ ಹೃದಯ ಸೋತುಹೋಯ್ತು. ಡಾಕ್ಟ್ರೇ ಹೇಳಿದ್ರು. ಪರೀಕ್ಷೆ ಬಿಡಬಾರದಿತ್ತು. ಮೂರೂ ಜನ ಬಿಟ್ವಿ.”

“ಹೆಣ ಇನ್ನೂ ಮನೇಲಿದೆ, ಇವಳ ಬಾಯಿ ನೋಡಿ,” ಎಂದಳು ಚಿಕ್ಕಮ್ಮ.

ಅಪ್ಪ ತನ್ನ ಎರಡು ಬೆರಳುಗಳನ್ನು ನೋಡಿಕೊಂಡ. “ಮೆತ್ತಗಾಗಿತ್ತಲ್ಲೇ.”

“ಆಗಿತ್ತಪ್ಪ. ಅದು ನಿಜಾನೇ.”

ನಾಲ್ವರು ಅಮ್ಮನನ್ನು ಇಳಿಸಿದರು. ಅಪ್ಪ ವಾಹನದಲ್ಲಿ ಅಮ್ಮನ ಕಾಲ ಬಳಿ ಕೂತ, ಮಗಳ ಕಡೆ ತಿರುಗಲಿಲ್ಲ.

*

ಎಲ್ಲ ಮುಗಿಸಿ ಮರಳಿದಾಗ ಬಿಸಿಲು ಇಳಿಯುತ್ತಿತ್ತು. ಬೇಕರಿಯವಳ ಚೀಲ ಮೇಲೆಯೇ ಉಳಿದಿದ್ದರಿಂದ ಅವಳೂ ಜೊತೆಗೆ ಮೆಟ್ಟಿಲು ಹತ್ತಿದಳು. ಮುಂದೆ ಮಗಳು, ನಡುವೆ ಅವಳು, ಹಿಂದೆ ಅಪ್ಪ. ಎರಡನೆಯ ಮಹಡಿಯ ತಿರುವಿನಲ್ಲಿ ಹಿಂದಿನ ಹೆಜ್ಜೆಸದ್ದು ನಿಂತಿತು. ಬೇಕರಿಯವಳು ಕಂಬಿ ಹಿಡಿದು ನಿಂತಿದ್ದಳು.

“ಏನಿಲ್ಲ, ಚಪ್ಪಲಿ ಕಚ್ತಿದೆ ಅಷ್ಟೆ.”

ಅಪ್ಪ ಬಗ್ಗಿ ನೋಡಿದ. ಹಳೆಯ ಚಪ್ಪಲಿ. ಪಟ್ಟಿ ಸಡಿಲವಾಗಿ, ಪಾದಕ್ಕೂ ಪಟ್ಟಿಗೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಅವನು ಮೆಟ್ಟಿಲ ಮೇಲೆ ಕೂತು, ತನ್ನ ಚಪ್ಪಲಿ ಕಳಚಿದ.

“ನಂದೂ ಕಚ್ತಿದೆ. ಕೂತ್ಕೋ ತಾಯಿ.” ಆಮೇಲೆ ಮಗಳಿಗೆ, “ಇವಳು ಹತ್ತೋದು ಬೇಡ. ಚೀಲ ನೀನೇ ತಗೊಂಡ್ಬಾ. ಆ ಡಾಕ್ಟ್ರು ಸಂಜೆ ಇರ್ತಾರಾ ಕೇಳು,” ಎಂದ.

ಮಗಳು ಚೀಲ ಹಿಡಿದು ಇಳಿದು ಬಂದಾಗ ಇಬ್ಬರೂ ಬರಿಗಾಲಲ್ಲಿ ಹಾಗೆಯೇ ಕೂತಿದ್ದರು. ಅಪ್ಪನ ಕೈಗಳು ಮಂಡಿಗಳ ನಡುವೆ ಸುಮ್ಮನಿದ್ದವು. ಅವನ ಕಣ್ಣು ಬೇಕರಿಯವಳ ಕತ್ತಿನ ಗುಳಿಯಲ್ಲಿ ನೆಟ್ಟಿತ್ತು, ಪ್ರತಿ ಉಸಿರಿಗೂ ಅದು ಒಳಸರಿದು ಮತ್ತೆ ತುಂಬುವುದನ್ನು ನೋಡುತ್ತ.