ಮೂರು ಇಂಚಿನ ಟ್ರಯಲ್

ಸೂಟು ಹೊಲಿಯುವ ಆ ಅಂಗಡಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಮುಕ್ಕಾಲು ಮಾಸ್ಟರ್ ಅಂತ. ಮಂಡಿ ದಾಟಿ, ಪಾದ ಮುಟ್ಟುವುದರೊಳಗೆ ಮನಸ್ಸು ಬದಲಿಸಿ ನಿಂತುಬಿಡುವ ಪ್ಯಾಂಟ್ ಇರುತ್ತದಲ್ಲ, ಆ ಮುಕ್ಕಾಲು. ಐದಡಿಗೆ ಒಂದು ಹೆಬ್ಬೆರಳಷ್ಟು ಕಡಿಮೆ ಎತ್ತರ. ಆದರೆ ಕತ್ತರಿ ಹಿಡಿದನೆಂದರೆ ಬಟ್ಟೆ ಹೇಳಿದ ಮಾತು ಕೇಳುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತು ಊರಿನ ಅರ್ಧ ಗಂಡಸರಿಗೆ ಮರ್ಯಾದಸ್ಥರ ಆಕಾರ ಕೊಟ್ಟವನು ಅವನೇ.

ಆ ಕೀರ್ತಿಯೆಲ್ಲ ಮಾತ್ರ ಮುಂದಿನ ಕೋಣೆಯ ಕಂಬನ ಪಾಲಿಗೆ. ಕಂಬ ಅಂದರೆ ಅಳತೆ ತೆಗೆದುಕೊಳ್ಳುವ ಸೇಲ್ಸ್‌ಮನ್. ಆರಡಿ ಮೇಲೆ ಎರಡು ಇಂಚು, ಅದರ ಮೇಲೆ ಸುಗಂಧದ ಎಣ್ಣೆ ಹಚ್ಚಿದ ಕ್ರಾಪು. ಬಗ್ಗುವುದೆಂದರೆ ಆತನಿಗೆ ಆಗದು. ಟೇಪನ್ನು ಗಿರಾಕಿಯ ಸೊಂಟದಿಂದ ಇಳಿಬಿಟ್ಟು, ಮೇಲಿನಿಂದಲೇ ಹಿಮ್ಮಡಿಯ ಕಡೆ ಕಣ್ಣು ಹಾಯಿಸಿ, ಅಂಕಿ ಕೂಗಿಬಿಡುತ್ತಿದ್ದ. ಹಾಗೆ ನೋಡಿದರೆ ಅಳತೆ ಒಂದೂವರೆ ಇಂಚು ಕಡಿಮೆಯೇ ಬರುವುದು. ಮಾಸ್ಟರ್‌ಗೆ ಅದು ಗೊತ್ತು. ಚೀಟಿ ಬಂದ ಕೂಡಲೇ ತುಟಿ ಪಿಟಿಕ್ ಅನ್ನದೆ ಒಂದೂವರೆ ಸೇರಿಸಿ ಕತ್ತರಿಸುತ್ತಿದ್ದ. ಪ್ಯಾಂಟ್ ಶೂ ಮೇಲೆ ಹೂವಿನಂತೆ ಕೂರುತ್ತಿತ್ತು. ಗಿರಾಕಿ ಕಂಬನ ಕೈ ಕುಲುಕುತ್ತಿದ್ದ.

ಆ ವರ್ಷ ಮುಂದಿನ ಕೋಣೆಯಲ್ಲಿ ಗಿರಾಕಿಗಳ ಅಳತೆ ನೋಡಿಕೊಳ್ಳಲು ಒಬ್ಬ ಹೆಡ್ ಮಾಸ್ಟರ್ ಬೇಕೆಂದಾಯಿತು. ಮಾಸ್ಟರ್ ಹೋಗಿ ಕೇಳಿದ. ಮ್ಯಾನೇಜರ್ ಮುಖದಲ್ಲಿ ನಿಜವಾದ ಮರುಕವಿತ್ತು.

“ನಿಮ್ಮ ಕೈ ಬಂಗಾರ, ಮಾಸ್ಟ್ರೇ. ಆದ್ರೆ ನೀವು ಕನ್ನಡೀಲಿ ಕಾಣಲ್ಲ.”

ಅದೂ ನಿಜವೇ. ಗಿರಾಕಿ ನಿಲ್ಲುವುದು ಅರ್ಧ ಅಡಿ ಎತ್ತರದ ಮಣೆಯ ಮೇಲೆ, ಎದುರು ಗೋಡೆಯಲ್ಲಿ ಮಂಡಿಯಿಂದ ಮೇಲಷ್ಟೇ ತೋರಿಸುವ ದೊಡ್ಡ ಕನ್ನಡಿ. ಮಾಸ್ಟರ್ ಬೆನ್ನ ಹಿಂದೆ ಗುಂಡುಸೂಜಿ ಚುಚ್ಚಲು ನಿಂತರೆ ಕನ್ನಡಿಯಲ್ಲಿ ಬರೀ ಗಿರಾಕಿ. ಕೋಟು ತಾನಾಗಿಯೇ ಬಿಗಿಯಾಗುತ್ತಿದೆ, ದೆವ್ವ ಹಿಡಿದಂತೆ.

“ಗಿರಾಕಿಗೆ ಭಯ ಆಗತ್ತೆ ಕಣ್ರೀ,” ಎಂದ ಮ್ಯಾನೇಜರ್. “ಇನ್ನೊಂದು ಮೂರು ಇಂಚು ಇದ್ದಿದ್ರೆ ನಾನೇ ಕರೆದು ನಿಲ್ಲಿಸ್ತಿದ್ದೆ.”

ಮೂರು ಇಂಚು! ಮಾಸ್ಟರ್ ಅದನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಬಂದ. ವಾರದೊಳಗೆ ಕಾಲು ಉದ್ದ ಮಾಡುವ ಆಸ್ಪತ್ರೆಯೊಂದನ್ನು ಹುಡುಕಿ, ಅಕ್ಕನನ್ನೂ ಕರೆದುಕೊಂಡು ಹೋದ. ಅಕ್ಕ ಮನೆಯಲ್ಲೇ ಕೂತು ಕಾಜಾ ಹೊಲಿಯುವವಳು. ಬಟನ್ ತೂರಲು ತೂತು ಮಾಡುವ ಆ ಕೆಲಸಕ್ಕೆ ತಕ್ಕ ಹಾಗೆ ನಾಲಿಗೆಯೂ ಚೂಪು.

ಅಲ್ಲಿ ಸಲಹೆ ಕೊಡುವ ಹೆಂಗಸು ಸೀರೆ ಬಿಡಿಸಿ ತೋರಿಸುವ ಹಾಗೆ ಚಿತ್ರಗಳನ್ನು ಹರಡಿದಳು. “ಮೂಳೆ ಕತ್ತರಿಸಿ ಒಳಗೆ ಒಂದು ಕಡ್ಡಿ ಇಡ್ತೀವಿ ಸಾರ್. ದಿನಕ್ಕೆ ಒಂದು ಮಿಲಿಮೀಟರ್ ದೂರ ಸರಿಸ್ತೀವಿ. ಮಧ್ಯೆ ಹೊಸ ಮೂಳೆ ತಾನೇ ಬೆಳ್ಕೊಳ್ಳತ್ತೆ. ಹೆಚ್ಚು ಕಮ್ಮಿ ಎಪ್ಪತ್ತೈದು ದಿನಕ್ಕೆ ಮೂರು ಇಂಚು. ಆಮೇಲೆ ಅದು ಗಟ್ಟಿಯಾಗೋಕೆ ಕೆಲವು ತಿಂಗಳು.”

ಮಾಸ್ಟರ್ ಕಣ್ಣು ಕಿರಿದು ಮಾಡಿ ಕೇಳಿದ: “ಮೂಳೆ ಸರಿ. ನರ, ಮಾಂಸ, ಚರ್ಮ? ಅದಕ್ಕೆಲ್ಲ ಒಳಗೆ ಮಡಿಕೆ ಬಿಟ್ಟಿರ್ತಾರಾ?”

“ಎಳೆದ ಹಾಗೆ ಬರತ್ತೆ ಸಾರ್.”

“ಎಳೆದ ಹಾಗೆ ಬಂದದ್ದು ಒಗೆದ ಮೇಲೆ ಏನಾಗತ್ತೆ ಅಂತ ನನಗೆ ಗೊತ್ತು ತಾಯಿ. ಟ್ರಯಲ್ ಯಾವಾಗ?”

“ಟ್ರಯಲ್?”

“ಪೂರ್ತಿ ಹೊಲಿಯೋ ಮುಂಚೆ ಕಚ್ಚಾ ಹೊಲಿಗೆ ಹಾಕಿ ಒಂದ್ಸಲ ತೊಡಿಸಿ ನೋಡ್ತೀವಲ್ಲ, ಅದು.”

“ಇದಕ್ಕೆ ಟ್ರಯಲ್ ಇರಲ್ಲ ಸಾರ್.” ಆಕೆ ಫಾರಂ ಮುಂದೆ ಸರಿಸಿದಳು. “ಇನ್ನೊಂದು ಹದಿನೈದು ದಿನದಲ್ಲಿ ಸಹಿ ಮಾಡಿ ಕೊಡಿ. ಆತ್ಮವಿಶ್ವಾಸವೇ ಬೇರೆ ಆಗತ್ತೆ.”

“ಇವನ ಆತ್ಮವಿಶ್ವಾಸ ಮೊಣಕಾಲಿನ ಕೆಳಗೆ ಇದೆ ಅಂತ ಇವತ್ತೇ ಗೊತ್ತಾಗಿದ್ದು,” ಎಂದಳು ಅಕ್ಕ.

ಟ್ರಯಲ್ ಇಲ್ಲದೆ ಒಂದು ಕೋಟೂ ಕೊಟ್ಟವನಲ್ಲ ಮಾಸ್ಟರ್. ಸ್ವಂತ ಕಾಲನ್ನು ಹಾಗೇ ಕೊಡುತ್ತಾನೆಯೇ? ಚಮ್ಮಾರನ ಹತ್ತಿರ ಹೋಗಿ ಹಳೆ ಬೂಟಿನ ಅಡಿಗೆ ಮೂರು ಇಂಚು ಬೆಂಡು ಕೂರಿಸಿಕೊಂಡು ಬಂದ. ಅದು ಮುಚ್ಚುವಷ್ಟು ಉದ್ದದ ಪ್ಯಾಂಟ್ ಹೊಲಿದುಕೊಂಡ. ಬೆಳಿಗ್ಗೆ ಗೋಡೆ ಹಿಡಿದು ಎದ್ದು ನಿಂತ.

“ಅಯ್ಯೋ, ಇದ್ಯಾರಪ್ಪ ನಮ್ಮನೇಲಿ!” ಅಕ್ಕ ಎದೆಗೆ ಕೈ ಇಟ್ಟುಕೊಂಡಳು. “ನಿಲ್ಲು ಕಣೋ, ಬಂದಿದ್ದಕ್ಕೆ ಫ್ರಿಜ್ ಮೇಲಿನ ಧೂಳು ಒರೆಸಿ ಹೋಗು.”

ಬೀದಿಯಲ್ಲಿ ಜನ ಬೆರಗಾಗುತ್ತಾರೆ ಅಂದುಕೊಂಡಿದ್ದ. ಔಷಧಿ ಅಂಗಡಿಯವನು ತಲೆ ಎತ್ತಿ, “ಸ್ವಲ್ಪ ಇಳಿದು ಹೋಗಿದ್ದೀರಲ್ಲ, ಸಕ್ಕರೆ ಕಾಯಿಲೆ ಚೆಕ್ ಮಾಡಿಸಿ,” ಎಂದ. ಪೇಪರ್ ಮಾರುವವಳು, “ಯಾಕಣ್ಣ, ಮೂಲವ್ಯಾಧಿನಾ? ಹಾಗೆ ನಡೀತೀರಿ?” ಎಂದು ಮೆಲ್ಲಗೆ ವಿಚಾರಿಸಿದಳು. ಹೊಲಿಗೆ ಮಿಷನ್ನಿಗೆ ಕೂತರೆ ಮಂಡಿ ಹಲಗೆಗೆ ಬಡಿಯುತ್ತಿತ್ತು. ಆದರೇನು, ಮ್ಯಾನೇಜರ್ ಕಣ್ಣು ಅರಳಿತು. ಆಪರೇಷನ್ನಿನ ಸುದ್ದಿ ಕೇಳಿ, ಈಗಾಗಲೇ ಅರ್ಧ ಆಗಿಹೋಗಿದೆ ಅನ್ನುವಂತೆ ಬೆನ್ನು ತಟ್ಟಿದ. “ನಾಳೆ ನಮ್ಮ ಹಳೆ ಗಿರಾಕಿ, ಕಾಲೇಜು ಪ್ರಿನ್ಸಿಪಾಲರು ಬರ್ತಾರೆ, ನಿವೃತ್ತಿ ಸಮಾರಂಭಕ್ಕೆ ಸೂಟು. ಅಳತೆ ನೀವೇ ತಗೊಳ್ಳಿ. ಚೆನ್ನಾಗಿ ಬಂತು ಅಂದ್ರೆ ಹೆಡ್ ಮಾಸ್ಟರ್ ಕುರ್ಚಿ ನಿಮ್ಮದೇ.”

ಮಾರನೆಯ ದಿನ ಪ್ರಿನ್ಸಿಪಾಲರು ಮಣೆ ಹತ್ತಿ ನಿಂತರು. ಮಾಸ್ಟರ್ ಹಿಂದೆ ನಿಂತು ಕನ್ನಡಿ ನೋಡಿದ. ಅವರ ಭುಜದ ಮೇಲೆ ಎರಡು ಕಣ್ಣು, ಒಂದು ಹಣೆ, ಅಷ್ಟು ಕೂದಲು. ತನ್ನದೇ! ಇಪ್ಪತ್ತೆರಡು ವರ್ಷದ ಮೇಲೆ ದರ್ಶನ. ತನ್ನ ಹಣೆಯಿಂದ ಕಣ್ಣು ಕೀಳಲಾಗಲಿಲ್ಲ. ಎದೆ, ತೋಳು, ಸೊಂಟದ ಅಳತೆ ಆಯಿತು. ಪ್ಯಾಂಟಿನ ಉದ್ದ ನೋಡಲು ನೆಲಕ್ಕೆ ಕೂರಬೇಕು. ಬೆಂಡಿನ ಬೂಟು ಅಷ್ಟು ಕೆಳಗೆ ಕೂರಲು ಬಿಡದು. ಟೇಪ್ ಇಳಿಬಿಟ್ಟು, ಮೇಲಿನಿಂದಲೇ ಹಿಮ್ಮಡಿಯ ಕಡೆ ಕಣ್ಣು ಹಾಯಿಸಿ, ಅಂಕಿ ಬರೆದುಕೊಂಡ.

ಹಿಂದಿನ ಕೋಣೆಗೆ ಬಂದು ಚೀಟಿ ನೋಡಿದ. ಕಂಬನ ಅಕ್ಷರವಲ್ಲ, ತನ್ನದು. ಸೇರಿಸುವುದೇನಿದೆ? ನಿಶ್ಚಿಂತೆಯಿಂದ ಕತ್ತರಿಸಿದ.

ಟ್ರಯಲ್ ದಿನ ಪ್ರಿನ್ಸಿಪಾಲರು ಮಣೆ ಹತ್ತಿದರು. ಕೋಟು ರಾಜಗಾಂಭೀರ್ಯ. ಕೆಳಗೆ ಪ್ಯಾಂಟಿನಡಿ ಕಾಲುಚೀಲ ಎದ್ದು ಕಾಣುತ್ತಿತ್ತು, ನೀಲಿ ಗೆರೆಯದು.

ಕಂಬ ಬಾಯಿಗೆ ಕೈ ಅಡ್ಡ ಇಟ್ಟು ಮ್ಯಾನೇಜರ್ ಕಿವಿಯಲ್ಲಿ, “ಮುಕ್ಕಾಲು ಮಾಸ್ಟರ್ ಕಡೆಗೂ ಮುಕ್ಕಾಲು ಹೊಲಿದ,” ಎಂದ. ಇಡೀ ಕೋಣೆಗೆ ಕೇಳಿಸಿತು.

“ಏನ್ರೀ ಇದು?” ಪ್ರಿನ್ಸಿಪಾಲರ ಗದರಿಕೆ ತರಗತಿಯ ಕೊನೆ ಬೆಂಚು ಮುಟ್ಟುವಂಥದ್ದು. “ಇಲ್ಲಿ ಹನ್ನೊಂದು ಸೂಟು ಹೊಲಿಸಿದ್ದೀನಿ. ಒಂದೂ ಹೀಗಾಗಿಲ್ಲ. ಅವನ್ನೆಲ್ಲ ಕತ್ತರಿಸಿದ್ದು ಯಾರು?”

“ನಾನೇ ಸಾರ್.”

“ಮತ್ತೆ ಇದು?”

“ಇದೂ ನಾನೇ. ಆದ್ರೆ ಮೂರು ಇಂಚು ಮೇಲಿಂದ.”

ಅಷ್ಟು ಹೇಳಿ ಮಾಸ್ಟರ್ ಅಲ್ಲೇ ಸ್ಟೂಲಿನ ಮೇಲೆ ಕೂತು ಬೂಟು ಕಳಚಿಟ್ಟ. ಎಲ್ಲರೆದುರು ಬರಿಗಾಲಲ್ಲಿ ಇಳಿದು, ಪ್ರಿನ್ಸಿಪಾಲರ ಪಾದದ ಬಳಿ ಚಕ್ಕಳಮಕ್ಕಳ ಹಾಕಿ ಕೂತ. ಪ್ಯಾಂಟಿನ ಅಂಚು ಬಿಚ್ಚಿದ. ಅಭ್ಯಾಸಬಲದಿಂದ ಒಳಗೆ ಬಿಟ್ಟಿದ್ದ ಎರಡು ಇಂಚು ಮಡಿಕೆ ಸುಮ್ಮನೆ ಕಾದಿತ್ತು. ಒಂದೂವರೆ ಇಳಿಸಿ, ಉಳಿದದ್ದನ್ನು ಮಡಿಸಿ, ಸೂಜಿ ಚುಚ್ಚಿದ. ಪ್ಯಾಂಟ್ ಶೂ ಮೇಲೆ ಹೋಗಿ ಕೂತಿತು.

ಪ್ರಿನ್ಸಿಪಾಲರು ಕನ್ನಡಿ ನೋಡಲಿಲ್ಲ. ಬಗ್ಗಿ ಕೆಳಗೆ ನೋಡಿದರು. “ಹನ್ನೊಂದೂ ನೀವೇನಾ? ನಾನು ಇಷ್ಟು ವರ್ಷ ಆ ಉದ್ದದವನ ಕೈ ಕುಲುಕ್ತಾ ಇದ್ದೆನಲ್ರೀ!”

ಸಂಜೆ ಆಸ್ಪತ್ರೆಯಿಂದ ಫೋನು. “ಸಾರ್, ಫಾರಂ?”

“ಟ್ರಯಲ್ ಆಯ್ತು ತಾಯಿ. ಕೂರೋಕೆ ಬರ್ತಿಲ್ಲ. ಬಟ್ಟೆಗಾದ್ರೆ ಒಳಗೆ ಮಡಿಕೆ ಇತ್ತು, ತಪ್ಪು ತಿದ್ದಿದೆ. ನನ್ನ ಕಾಲಿಗೆ ಇಲ್ಲ. ಬೇಡ.”

“ಮುಂದಿನ ಕೋಣೆ?” ಎಂದಳು ಅಕ್ಕ, ಕಾಜಾದಿಂದ ತಲೆ ಎತ್ತದೆ.

“ನಾಳೆ ಕೇಳ್ತೀನಿ. ಆ ಮಣೆ ತೆಗೀರಿ ಅಂತೀನಿ.”

ಮಾರನೆಯ ದಿನ ಮಣೆ ಅಂದದ್ದೇ ಮ್ಯಾನೇಜರ್ ಹೌಹಾರಿದ. “ಗಿರಾಕಿಗಳು ಅಷ್ಟೊಂದು ಆಸೆಪಟ್ಟು ಬಂದಿರ್ತಾರೆ, ಅರ್ಧ ಗಂಟೆ ಆದ್ರೂ ಎತ್ತರ ಕಾಣಲಿ ಬಿಡಿ!” ಆದರೆ ಪ್ರಿನ್ಸಿಪಾಲರು ತಮ್ಮ ಜಾಗಕ್ಕೆ ಬರುವವರನ್ನೂ ಕಳಿಸಿದ್ದರು, ಕೆಳಗೆ ಕೂರುವ ಮಾಸ್ಟರೇ ಅಳತೆ ತೆಗೆಯಲಿ ಅಂತ ಹೇಳಿ. ಮ್ಯಾನೇಜರ್ ಎರಡು ದಿನ ಯೋಚಿಸಿ, ಮಾಸ್ಟರನ್ನು ಮುಂದಿನ ಕೋಣೆಗೆ ಕರೆಸಿಕೊಂಡು, ದೊಡ್ಡ ಕನ್ನಡಿಯ ಕೆಳಗೆ ನೆಲದ ಮೇಲೆ ಇನ್ನೊಂದು ಪುಟ್ಟ ಕನ್ನಡಿ ಇಡಿಸಿದ. ಪ್ಯಾಂಟಿನ ಅಂಚು ನೋಡಲು ದೊಡ್ಡ ದೊಡ್ಡ ಅಂಗಡಿಗಳಲ್ಲಿ ಹೀಗೇ ಇರುತ್ತದೆ ಎಂದು ಗಿರಾಕಿಗಳಿಗೆ ತಾನೇ ಹೇಳತೊಡಗಿದ.

ಈಗ ಮಣೆಯ ಮೇಲಿನವರು ಕಣ್ಣು ಇಳಿಸಿದರೆ ತಮ್ಮ ಶೂ, ಅದರ ಪಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಹೆಡ್ ಮಾಸ್ಟರ್, ಪೂರ್ತಿಯಾಗಿ. ಹಿಂದೆ ನಿಂತಿರುವ ಕಂಬ ಅದರಲ್ಲಿ ಮಂಡಿಯವರೆಗೆ ಮಾತ್ರ ಕಾಣುತ್ತಾನೆ.