ನರಿರಾಜನ ಪೆಪ್ಪರ್‌ಮಿಂಟು

ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಮರಿಯಮ್ಮ ಭಾನುವಾರ ಚರ್ಚು ಮುಗಿದ ಮೇಲೆ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ಎಲ್ಲ ಅವಳೇ ಕಟ್ಟಿದ್ದು. ಕಾಡಿನ ರಾಜ ದೂರ ಹೋಗಿರುತ್ತಾನೆ, ನರಿಯೊಂದು ಅವನ ನಿಲುವಂಗಿ ತೊಟ್ಟು ತಾನೇ ರಾಜ ಎನ್ನುತ್ತದೆ, ಪ್ರಾಣಿಗಳೆಲ್ಲ ನಂಬಿಬಿಡುತ್ತವೆ, ಕೊನೆಗೆ ನಿಜವಾದ ರಾಜ ಬಂದಾಗ ಗುಟ್ಟು ರಟ್ಟಾಗುತ್ತದೆ. ನಾವು ಚರ್ಚಿನವರಲ್ಲ, ಆದರೂ ನನ್ನ ಮಗಳು ನಾಗು ಊಟ ಬಿಟ್ಟು ಓಡುತ್ತಿದ್ದಳು. ನನಗೂ ಒಂದಿಷ್ಟು ನೆಮ್ಮದಿ, ಸುಳ್ಳೇಕೆ ಹೇಳಲಿ.

ಎಂಬತ್ತನೇ ಇಸವಿಯಲ್ಲಿ ಹೊಸದಾಗಿ ಬಂದ ಪಾದ್ರಿಯವರಿಗೆ ಇದು ಸರಿಬರಲಿಲ್ಲ.

"ಮಾತಾಡೋ ನರಿ ಅಂದ್ರೆ ಸುಳ್ಳಲ್ವೇನಮ್ಮಾ? ಇವತ್ತು ನರೀನ ನಂಬೋ ಮಕ್ಕಳು ನಾಳೆ ಯಾರನ್ನ ಬೇಕಾದ್ರೂ ನಂಬ್ತಾವೆ."

"ಮೋಸ ಕಂಡುಹಿಡಿಯೋದನ್ನೇ ಕಲಿಸ್ತಿದೀನಿ ಅಯ್ನೋರೇ" ಎಂದಳು ಮರಿಯಮ್ಮ.

ಹಾಗಾದರೆ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅದನ್ನೇ ನಾಟಕ ಆಡಿಸು, ನೋಡುವ ಮಕ್ಕಳು ನರಿಯ ಬಲೆಗೆ ಬಿದ್ದರೆ ಕಥೆ ಬಂದ್ ಎಂದುಬಿಟ್ಟರು. ಮಕ್ಕಳಿಲ್ಲದ ಮರಿಯಮ್ಮನಿಗೆ ಇದ್ದ ಸುಖ ಅದೊಂದೇ. ನನಗೆ ಮೈಯೆಲ್ಲ ಉರಿಯಿತು.

ಕ್ಯಾಂಟೀನಿನ ಆಂಜಿನಪ್ಪ ನರಿಯಾದ. ಜರಿ ಸೀರೆ ಹೊದ್ದು, ಕಿರೀಟ ಇಟ್ಟು, ಮುಂದೆ ಕೂತವರಿಗೆಲ್ಲ, ಮಕ್ಕಳು ದೊಡ್ಡವರು ಎನ್ನದೆ, ಪೆಪ್ಪರ್‌ಮಿಂಟು ಹಂಚಿದ. ನಾಟಕದಲ್ಲಿ ಅದು ಇರಲೇ ಇಲ್ಲ, ಅವನ ಅಧಿಕಪ್ರಸಂಗ.

"ನಿಮ್ ರಾಜ ಯಾರ್ರೋ?"

"ನೀನೇ!" ಮಕ್ಕಳು ಕೂಗಿದರು. ನಮ್ಮ ನಾಗು ಎಲ್ಲರಿಗಿಂತ ಜೋರಾಗಿ. ಮರಿಯಮ್ಮನ ಮುಖ ಬಿಳಿಚಿಕೊಂಡಿತು.

ನಿಜವಾದ ರಾಜ ಅವಳ ಗಂಡ ಪಾಪಯ್ಯ. ಫ್ಯಾಕ್ಟರಿ ತಡವಾಗಿ ಬಿಟ್ಟಿತ್ತು. ವೇಷಕ್ಕೆ ಪುರಸೊತ್ತಿಲ್ಲದೆ, ಎಣ್ಣೆ ಮೆತ್ತಿದ ನೀಲಿ ಯೂನಿಫಾರ್ಮಿನಲ್ಲೇ, ಟಿಫನ್ ಕ್ಯಾರಿಯರ್ ಹಿಡಿದು ಸ್ಟೇಜಿಗೆ ಬಂದ. ಜನ ನಕ್ಕರು. ಪಾಪ, ಅವನಿಗೆ ಮಾತೆಲ್ಲ ಮರೆತುಹೋಯಿತು.

"ಬಂದೆ ಕಣ್ರೋ" ಎಂದನಷ್ಟೇ.

ನಮ್ಮಲ್ಲೊಂದು ಪದ್ಧತಿ. ಶಿಫ್ಟು ಮುಗಿಸಿ 'ಬಂದೆ ಕಣ್ರೋ' ಎನ್ನುತ್ತ ಬಂದ ಅಪ್ಪನ ಕೈಯಿಂದ ಕ್ಯಾರಿಯರ್ ಇಸಕೊಳ್ಳಲು ಮಕ್ಕಳು ನಾ ಮುಂದು ತಾ ಮುಂದು ಎಂದು ಓಡುತ್ತವೆ. ಆ ನೀಲಿ ಅಂಗಿ ಕಣ್ಣಿಗೆ, ಆ ಮಾತು ಕಿವಿಗೆ ಬಿದ್ದದ್ದೇ ತಡ, ಇಡೀ ಗುಂಪು ಎದ್ದು ಪಾಪಯ್ಯನನ್ನು ಮುತ್ತಿಕೊಂಡಿತು. ಅವನ ಕ್ಯಾರಿಯರಿಗಾಗಿ ಯಾರೂ ಎಂದೂ ಓಡಿ ಬಂದಿರಲಿಲ್ಲ. ಅವನು ನಿಂತಲ್ಲೇ ಅತ್ತುಬಿಟ್ಟ. ನಾನೂ ಅತ್ತೆ.

"ಏಯ್, ರಾಜ ನಾನು ಕಣ್ರೋ!" ಆಂಜಿನಪ್ಪ ಅರಚಿದ.

ನಾಗು ಬಾಯಿಂದ ಅರ್ಧ ಚೀಪಿದ ಪೆಪ್ಪರ್‌ಮಿಂಟು ತೆಗೆದು ಅವನ ಕೈಗಿಟ್ಟಳು. "ತಗೋ, ನಿನ್ದು ನೀನೇ ಇಟ್ಕೋ." ಹಿಂದೆಯೇ ಉಳಿದವರೂ ಸಾಲುಗಟ್ಟಿದರು.

ಎಲ್ಲರೂ ಮುಂದಿನ ಸಾಲಿನಲ್ಲಿ ಕೂತಿದ್ದ ಪಾದ್ರಿಯವರ ಕಡೆ ತಿರುಗಿದೆವು. ಅವರ ಕೆನ್ನೆಯೂ ಒಂದು ಕಡೆ ಪೆಪ್ಪರ್‌ಮಿಂಟಿನಷ್ಟು ಉಬ್ಬಿತ್ತು. ಮೆಲ್ಲಗೆ ಕರ್ಚೀಫು ತೆಗೆದು ಬಾಯಿಗೆ ಹಿಡಿದರು.

"ಮರಿಯಮ್ಮಾ, ಭಾನುವಾರ ನಾನೂ ಬಂದು ಕೂತ್ಕೋತೀನಿ" ಎಂದರು.