ಕೈ ನನ್ನದೇ

ಮಗಳು ಸೆಜಿಮಳ ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಹಾಗೆ ತಟ್ಟುವವರು ನಮ್ಮ ಕಟ್ಟಡದಲ್ಲಿ ಒಬ್ಬರೇ. ನನ್ನ ಕೈ ಸಡಿಲವಾಗಿ ಕೂದಲು ಅವಳ ಭುಜದ ಮೇಲೆ ಹರಡಿಕೊಂಡಿತು.

"ಮುಕಾಶ್ ತಾತ," ಎಂದಳು ಸೆಜಿಮ್. ಎಂದಿನಂತೆ ಎದ್ದು ಓಡಲಿಲ್ಲ. ತಿರುಗಿ ನನ್ನ ಮುಖ ನೋಡಿದಳು. ಮೂರು ದಿನದಿಂದ ಹೀಗೆಯೇ ನೋಡುತ್ತಿದ್ದಳು. "ಅಮ್ಮಾ, ಒಂದು ಕೇಳ್ಲಾ?" ಎನ್ನುವಳು. ಹಾಲು ಉಕ್ಕುತ್ತಿದೆ ಎನ್ನುವೆ, ಬಟ್ಟೆ ನೆನೆದಿದೆ ಎನ್ನುವೆ.

ಬಾಗಿಲು ತೆರೆದೆ. ಕೋಟು ತೊಟ್ಟು, ಬಿಳಿಯ ಉಣ್ಣೆಯ ಟೋಪಿ ಹಾಕಿ ಹೊರಟು ನಿಂತಿದ್ದರು ಮುಕಾಶ್ ಬೈಕೆ. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ.

"ಸಾಮಾನೆಲ್ಲ ಹೇರಿ ಆಯ್ತು, ಲಾರಿ ಕೆಳಗೆ ನಿಂತಿದೆ, ಬುರುಲ್. ಡ್ರೈವರು ಹಾರ್ನ್ ಹೊಡೆಯೋವರೆಗೂ ನಿಮ್ಮನೆ ಟೀ ಕುಡೀಬಹುದು ಅಂತ ಬಂದೆ."

"ಬನ್ನಿ ಬೈಕೆ," ಎಂದೆ. ಅವರ ಮುಖ ನೋಡಲಾಗದೆ ಒಲೆಯ ಕಡೆ ತಿರುಗಿದೆ.

ಹದಿನೈದು ವರ್ಷದ ಹಿಂದೆ ಕಂಪನಿಗೆ ಸೇರಿದಾಗ ನನಗೆ ಬೈಕೆ, ಅಂದರೆ ಅಣ್ಣ, ಎಂದು ಕರೆಯುವುದಕ್ಕೆ ಸ್ವಂತದವರು ಯಾರೂ ಇರಲಿಲ್ಲ. ಕಾಲುವೆ, ತೂಬುಗಳ ನಕ್ಷೆ ಮಾಡುವ ಕಂಪನಿ ಅದು. ಮೊದಲ ಮೂರು ತಿಂಗಳು ಇವರು ನನ್ನಿಂದ ಒಂದು ಗೆರೆಯನ್ನೂ ಎಳೆಸಲಿಲ್ಲ, ಬರೀ ಅಕ್ಷರ ಬರೆಸಿದರು. ನಕ್ಷೆಯ ಮೇಲೆ ಬರೆಯುವ ಅಕ್ಷರವೇ ಬೇರೆ. ಎಲ್ಲವೂ ಒಂದೇ ಎತ್ತರ, ಎಲ್ಲವೂ ಒಂದೇ ಓರೆ. "ಗೆರೆ ತಪ್ಪಿದ್ರೆ ಕಾಣ್ಸುತ್ತೆ, ಅಳಿಸ್ತೀವಿ. ಅಂಕಿ ತಪ್ಪಾಗಿ ಓದಿದ್ರೆ ಮಾತ್ರ ಕಾಲುವೇಲಿ ನೀರು ಹಿಂದಕ್ಕೆ ಹರಿಯುತ್ತೆ ಕಣಮ್ಮಾ," ಎನ್ನುತ್ತಿದ್ದರು. ನಮ್ಮ ಲಿಪಿಯ 'ಉ' ಅಕ್ಷರದ ಕೆಳಕ್ಕಿಳಿಯುವ ಬಾಲ ಮಾತ್ರ ನನ್ನ ಕೈಯಲ್ಲಿ ಎಷ್ಟು ತಿದ್ದಿದರೂ ತುದಿಯಲ್ಲಿ ಚೂರು ಬಾಗುತ್ತಿತ್ತು.

ಆಮೇಲೆ ಕಂಪ್ಯೂಟರುಗಳು ಬಂದವು, ನಕ್ಷೆಯ ಹಲಗೆಗಳು ನೆಲಮಾಳಿಗೆಗೆ ಹೋದವು. ಕೈಯಲ್ಲಿ ಬರೆಯುವವರಾಗಿ ಇವರೊಬ್ಬರೇ ಉಳಿದರು. ಪ್ರತಿ ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಇರುತ್ತದೆ, ಅದರಲ್ಲಿ ಮೂರು ಸಾಲು: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ನಡುವಿನ ಸಾಲು ಮೂವತ್ತು ವರ್ಷದಿಂದ ಇವರದ್ದು. ಕೈಬರಹವನ್ನು ನಾವು ಬರೀ ಕೈ ಎನ್ನುತ್ತೇವೆ. ನನ್ನ ಕೈ ಹೇಗಿದೆ ಎಂದು ಆಫೀಸಿನಲ್ಲಿ ಈಗ ಇವರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಹೊಸ ಡೈರೆಕ್ಟರ್ ಕುಬಾತ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಇಲ್ಲಿ ನಿಮಗೆ ಏನು ಇಷ್ಟ, ಏನು ಇಷ್ಟವಿಲ್ಲ, ಮನಸ್ಸು ಬಿಚ್ಚಿ ಬರೆಯಿರಿ, ಹೆಸರು ಬೇಡ ಎಂದರು. ಅಡುಗೆಮನೆಯ ಮೇಜಿನ ಮೇಲೆ ಕೂತು ಬರೆದೆ. ಇಷ್ಟವಾದದ್ದನ್ನು ಬರೆಯುವಾಗ ಪೆನ್ನು ತಾನಾಗಿ ಓಡಿತು. ನಾಲ್ಕು ಗಂಟೆಗೆ ಎಲ್ಲರೂ ಒಂದೇ ಮೇಜಿಗೆ ಕೂತು ಟೀ ಕುಡಿಯುವುದು. ಬಸ್ಸಿನಲ್ಲಿ ಹೋಗುವಾಗ ನಾನು ಕಾಗದದ ಮೇಲೆ ಎಳೆದ ಗೆರೆಯಲ್ಲಿ ನಿಜವಾದ ನೀರು ಹರಿಯುವುದು ಕಾಣಿಸುವುದು. ಗಂಡ ತೀರಿಕೊಂಡ ವರ್ಷ ಇಡೀ ವಿಭಾಗ ಸರದಿಯಲ್ಲಿ ನನ್ನ ನಕ್ಷೆಗಳನ್ನು ಮುಗಿಸಿಕೊಟ್ಟದ್ದು.

ಇಷ್ಟವಿಲ್ಲದ್ದರ ಕೆಳಗೆ ಒಂದೇ ಸಂಗತಿ ಬರೆದೆ. ನಕ್ಷೆಗಳನ್ನು ಪರಿಶೀಲಿಸದೆ ಕಟ್ಟುವವರಿಗೆ ಕಳಿಸುತ್ತಾರೆ, ಆಮೇಲೆ ಹಿಂದಿನ ತಾರೀಖು ಹಾಕಿ ನಡುವಿನ ಸಾಲಿಗೆ ಸಹಿ ಮಾಡಿಸುತ್ತಾರೆ, ಮುದುಕರೊಬ್ಬರ ಹೆಸರನ್ನು ಹೀಗೆ ಬಳಸುವುದು ನ್ಯಾಯವಲ್ಲ ಎಂದು. ಮೊದಲ ಹಾಳೆಗೆ ಟೀ ಚೆಲ್ಲಿತು, ಬದಿಗೆ ಸರಿಸಿದೆ. ಇನ್ನೊಂದು ಹಾಳೆ ತೆಗೆದುಕೊಂಡು ಅದನ್ನೇ ಚೊಕ್ಕವಾಗಿ ಬರೆದೆ. ಹೆಸರು ಎಲ್ಲೂ ಬರದಂತೆ ಎರಡು ಸಲ ನೋಡಿಕೊಂಡೆ. ಪೆನ್ನು ಹಿಡಿದರೆ ನನಗೆ ಬರುವುದು ಆ ನಕ್ಷೆಯ ಅಕ್ಷರವೊಂದೇ. ಅದೂ ಒಂದು ಹೆಸರೇ ಎಂದು ಆಗ ಹೊಳೆಯಲಿಲ್ಲ.

ಮುಂದಿನ ವಾರ ಸಭೆಯಲ್ಲಿ ಕುಬಾತ್ ಆ ಹಾಳೆಯನ್ನು ಎತ್ತಿ ಹಿಡಿದರು. "ಇಂಥ ಅಕ್ಷರ ಮ್ಯೂಸಿಯಮ್ಮಲ್ಲಿ ಮಾತ್ರ ಇರುತ್ತೆ ಅಂದ್ಕೊಂಡಿದ್ದೆ," ಎಂದರು. ಕೆಲವರು ನಕ್ಕರು. "ಬೈಕೆ, ಇದು ನಿಮ್ದೇ ತಾನೆ?"

ಮುಕಾಶ್ ಬೈಕೆ ಕನ್ನಡಕ ಹುಡುಕಿ ಹಾಕಿಕೊಂಡರು. ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಕೈ ನನ್ನದೇ," ಎಂದರು.

ನಾನು ಬೀಳದ ಪೆನ್ಸಿಲ್ಲನ್ನು ಹುಡುಕಲು ಮೇಜಿನ ಕೆಳಗೆ ಬಾಗಿದೆ. ಅಲ್ಲಿಂದ ಅವರ ಬೂಟು ಕಾಣಿಸುತ್ತಿತ್ತು, ಒಂದರ ಲೇಸು ಬಿಚ್ಚಿಹೋಗಿತ್ತು. ತಲೆ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತಾರು ಆಯ್ತಲ್ಲ ಬೈಕೆ, ವಿಶ್ರಾಂತಿ ತಗೊಳ್ಳಿ ಎಂದು ಕುಬಾತ್ ಮೆತ್ತಗೆ ಹೇಳುತ್ತಿದ್ದರು. ಅವರ ಮನೆ ಕಂಪನಿಯದು, ಮೂರನೆಯ ಮಹಡಿಯಲ್ಲಿ; ಕೆಲಸ ಹೋದರೆ ಅದನ್ನೂ ಬಿಡಬೇಕು. ನಮ್ಮ ಮನೆಯೂ ಕಂಪನಿಯದೇ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದುಕೊಳ್ಳುತ್ತಾ ಮೂರು ವಾರ ಕಳೆದೆ. ತಾತ ಹಾಳೆಯಲ್ಲಿ ಏನೋ ಬರೆದು ಕೆಲಸ ಕಳೆದುಕೊಂಡರಂತೆ ಎಂದು ಕಟ್ಟಡದ ಮಕ್ಕಳೂ ಮಾತಾಡಿಕೊಳ್ಳುತ್ತಿದ್ದರು.

ಈಗ ಅವರು ನನ್ನ ಎದುರಿಗೆ ಕೂತು ಟೀಯಲ್ಲಿ ಬ್ರೆಡ್ಡು ಅದ್ದುತ್ತಿದ್ದರು.

"ಹಾಲು ಇಷ್ಟೇನಾ? ಕಂಪನಿ ಬಿಟ್ಟೆ ಅಂತ ಕಂಪನಿಯ ನೀರು ನೀರು ಟೀ ಕೊಡ್ತಿದೀಯಾ?"

ಇನ್ನಷ್ಟು ಹಾಲು ಸುರಿದೆ. ತಟ್ಟೆಗೂ ಬಿತ್ತು.

"ನಾರಿನ್ ಊರಲ್ಲಿ ಮಗಳು ಕೋಣೆ ಖಾಲಿ ಮಾಡಿಟ್ಟಿದ್ದಾಳಂತೆ," ಎಂದರು. "ಅವಳ ಅತ್ತೆಗೆ ನನ್ನ ಗೊರಕೆ ಇನ್ನೂ ಗೊತ್ತಿಲ್ಲ. ಒಂದು ವಾರದಲ್ಲಿ ವಾಪಸ್ ಕಳಿಸ್ತಾಳೆ ನೋಡು."

ಸೆಜಿಮ್ ನಗಲಿಲ್ಲ. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು ಬಿಟ್ಟುಕೊಂಡು ಅವರ ಪಕ್ಕದಲ್ಲಿ ನಿಂತಿದ್ದಳು. ಅವರು ಪೆಟ್ಟಿಗೆಯನ್ನು ಅವಳ ಮುಂದೆ ತಳ್ಳಿದರು. ಒಳಗೆ ಅವರ ಪೆನ್ನುಗಳಿದ್ದವು, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ನಿಂಗೇ ಇದು. ಎಲ್ಲಿ, ಬರೆದಿದ್ದು ತೋರ್ಸು. ಕಲಿತಿದೀಯೋ, ಬರೀ ಮಸಿ ಕುಡಿತಿದೀಯೋ?"

ಅವಳು ಒಳಗೆ ಹೋಗಿ ಒಂದು ಹಾಳೆ ತಂದಳು. ಅವರು ಭಾನುವಾರಗಳಲ್ಲಿ ಹೇಳಿಕೊಟ್ಟ ಅಕ್ಷರಗಳು, ಸಾಲಾಗಿ, ಓರೆಯಾಗಿ. ಆ ಹಾಳೆಯ ಒಂದು ಮೂಲೆಯಲ್ಲಿ ಟೀಯ ಕಂದು ಕಲೆ ಇತ್ತು. ಅದನ್ನು ಕಂಡ ಮೇಲೆ, ಇದು ನಾನು ಬದಿಗೆ ಸರಿಸಿದ ಹಾಳೆ ಎಂದು ಗೊತ್ತಾಯಿತು. ಕೈ ಚಾಚಿದೆ, ಆದರೆ ಹಾಳೆ ಆಗಲೇ ಅವರ ಕೈಯಲ್ಲಿತ್ತು.

ಮಸಿ ಹಿಂಬದಿಗೆ ಇಳಿದಿದೆಯೇ ಎಂದು ತಿರುಗಿಸಿ ನೋಡುವುದು ನಕ್ಷೆಯವರ ಅಭ್ಯಾಸ. ಅವರೂ ತಿರುಗಿಸಿದರು.

ಏನು ಇಷ್ಟ, ಏನು ಇಷ್ಟವಿಲ್ಲ. ನನ್ನ ಅಕ್ಷರ ಆಚೆ ಬದಿಯ ತುಂಬ ಇತ್ತು. ಅವರು ಎರಡನ್ನೂ ಕೊನೆಯವರೆಗೆ ಓದಿದರು. ಮುಖ ಬದಲಾಗಲಿಲ್ಲ. ಮೊದಲೇ ಗೊತ್ತಿದ್ದ ಸುದ್ದಿಯನ್ನು ಇನ್ನೊಮ್ಮೆ ಕೇಳಿದವರ ಹಾಗೆ ಹಾಳೆಯನ್ನು ಮತ್ತೆ ಮಗುವಿನ ಅಕ್ಷರ ಮೇಲಾಗಿ ಮಗುಚಿದರು.

"ಉ ಅಕ್ಷರದ ಬಾಲ ಮತ್ತೆ ಬಾಗಿಸಿದೀಯಲ್ಲಾ," ಎಂದರು. "ನೇರ ಇಳೀಬೇಕು ಅಂತ ಹದಿನೈದು ವರ್ಷದಿಂದ ಹೇಳ್ತಿದೀನಿ."

"ತಾತಾ, ನಂಗೆ ಎಂಟು ವರ್ಷ," ಎಂದಳು ಸೆಜಿಮ್.

"ಹೌದಲ್ಲ. ಹಾಗಾದ್ರೆ ಇನ್ಯಾರಿಗೋ ಹೇಳಿದ್ದಿರ್ಬೇಕು."

"ಬೈಕೆ, ನಾನು ಇವತ್ತೇ ಕುಬಾತ್ ಹತ್ರ ಹೋಗಿ..."

"ಹೋಗಿ?" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕಾಗಿ ನಿಜವಾಗಿಯೂ ಕಾದರು. ನಾನು ಅಡುಗೆಮನೆಯ ಗೋಡೆ, ಕಿಟಕಿ, ಸೆಜಿಮಳ ಶಾಲೆಯ ಚೀಲ ನೋಡಿದೆ.

"ಟೀ ಆರ್ತಿದೆ, ಕುಡಿ," ಎಂದರು.

ಕೆಳಗೆ ಹಾರ್ನ್ ಕೇಳಿಸಿತು. ಅವರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ನಡುವಿನ ಸಾಲು ಈಗ ನಿಂಗೆ ಕೊಟ್ಟಿದ್ದಾರಂತಲ್ಲ, ಒಳ್ಳೇದಾಯ್ತು. ನೋಡಿ ಸಹಿ ಹಾಕು ಬುರುಲ್. ನಾನು ಹಾಕ್ದಂಗೆ ಹಾಕ್ಬೇಡ."

"ಹೂಂ," ಎಂದೆ. ನಿನ್ನೆ ಸಂಜೆಯೇ ಎರಡು ನಕ್ಷೆಗೆ ನೋಡದೆ ಸಹಿ ಹಾಕಿದ್ದೆ, ಹೋದ ವಾರದ ತಾರೀಖಿಗೆ.

ದೂರ ಹೊರಟವರಿಗೆ ಬ್ರೆಡ್ಡು ಕಚ್ಚಲು ಕೊಡುತ್ತೇವೆ. ಒಂದು ತುತ್ತು ಅವರದು, ಉಳಿದದ್ದು ಅವರು ಮರಳಿ ಬರುವವರೆಗೆ ಮನೆಯಲ್ಲಿರುತ್ತದೆ. ಅದನ್ನು ಹಿಡಿದು ಅವರ ಮುಂದೆ ನಿಲ್ಲುವ ಮುಖ ನನಗಿರಲಿಲ್ಲ. ಸೆಜಿಮ್ ಮೇಜಿನಿಂದ ಇಡೀ ಬ್ರೆಡ್ಡು ಎತ್ತಿ ಎರಡೂ ಕೈಯಲ್ಲಿ ಹಿಡಿದಳು.

"ಮುದುಕರು ವಾಪಸ್ ಬರ್ತಾರೇನೇ?" ಎಂದು ಅವರು ನಕ್ಕರು. ಬಗ್ಗಿ, ಅಂಚಿನಿಂದ ಚೂರು ಕಚ್ಚಿದರು. ಅವಳ ಬಿಚ್ಚುಗೂದಲನ್ನು ಕಿವಿಯ ಹಿಂದೆ ಸರಿಸಿದರು. ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರು ಮೆಟ್ಟಿಲಿಳಿಯುವ ಸದ್ದು, ಆಮೇಲೆ ಲಾರಿಯ ಸದ್ದು ಕೇಳಿಸಿತು. ಅದೂ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆ. ಶಾಲೆಗೆ ಹೊತ್ತಾಗುತ್ತಿತ್ತು. "ಬಾ, ಕೂತ್ಕೋ," ಎಂದೆ. ಸೆಜಿಮ್ ಬೆನ್ನು ತಿರುಗಿಸಿ ಕೂತಳು. ಪೆನ್ನಿನ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು, ಅದರ ಮೇಲೆ ಆ ಹಾಳೆ. ಕೂದಲನ್ನು ಮತ್ತೆ ಮೂರು ಪಾಲು ಮಾಡಿದೆ. ಒಂದು ಎಳೆ ಕೈ ತಪ್ಪಿತು, ಮತ್ತೆ ಹಿಡಿದೆ.

ಅವಳು ಹಾಳೆಯನ್ನು ಮೆಲ್ಲಗೆ ಮಗುಚಿ, ನನ್ನ ಅಕ್ಷರದ ಮೇಲೆ ಬೆರಳಿಟ್ಟಳು. ಬಾಗಿದ ಬಾಲದ ಮೇಲೆ.

ಹಾಲು ಉಕ್ಕುತ್ತಿರಲಿಲ್ಲ. ಯಾವ ಬಟ್ಟೆಯೂ ನೆನೆದಿರಲಿಲ್ಲ.

"ಅಮ್ಮಾ," ಎಂದಳು, ತಿರುಗದೆ. "ಇದನ್ನ ಬರೆದಿದ್ದು ನೀನು ತಾನೆ? ಮತ್ತೆ ತಾತ ಯಾಕೆ ಹೋದ್ರು?"